ಸಹಾಯ ಬೇಕು: ಕಡಲ ಪಕ್ಕದ ಮನೆ, ಬೀರು ಹಿಂದೆಲ್ಲ ಬೂಷ್ಟು

ಪರದೇಶಕ್ಕೆ ಬಂದು ಎರಡು ತಿಂಗಳಾಯಿತು. ಬಾಡಿಗೆ ಮನೆ, ಕಿಟಕಿ ತೆಗೆದರೆ ಸಮುದ್ರ. ನೋಡಿದ ದಿನವೇ ಮರುಳಾಗಿ ಒಪ್ಪಿಕೊಂಡುಬಿಟ್ಟೆವು. ಈಗ ಅನುಭವಿಸುತ್ತಿದ್ದೇವೆ!

ಮಲಗುವ ಕೋಣೆಯಲ್ಲಿ ಬೀರುವನ್ನು ಹೊರಗೋಡೆಗೆ ತಾಗಿಸಿ ಇಟ್ಟಿದ್ದೆವು. ಮೊನ್ನೆ ಸರಿಸಿ ನೋಡಿದರೆ ಹಿಂದೆಲ್ಲ ಕಪ್ಪು ಬೂಷ್ಟು. ಬಟ್ಟೆಗೂ ಮುಗ್ಗಲು ವಾಸನೆ. ಗೋಡೆ ಒರೆಸಿದೆವು, ಬೀರು ಮುಂದಕ್ಕೆ ಎಳೆದೆವು. ಸ್ನಾನ ಆದಮೇಲೂ ಅರ್ಧ ಗಂಟೆ ಬಚ್ಚಲಿನ ಫ್ಯಾನ್ ಓಡಿಸುತ್ತೇವೆ. ಒಳಗೆ ಬಟ್ಟೆ ಒಣಹಾಕುವುದನ್ನೂ ಬಿಟ್ಟೆವು. ಆದರೂ ತೇವಾಂಶದ ಮೀಟರ್ ಶೇ. 72ರಿಂದ ಕೆಳಗಿಳಿಯುತ್ತಿಲ್ಲ. 60 ದಾಟಿದರೆ ಬೂಷ್ಟಿಗೆ ಹಬ್ಬ ಅಲ್ವಾ?

ಗೊಂದಲ ಇರುವುದು ಕಿಟಕಿಯದ್ದು. ಹೊರಗೆ 10 ಡಿಗ್ರಿ, ತೇವಾಂಶ 85. ಒಳಗೆ 20 ಡಿಗ್ರಿ. ತೆಗೆದರೆ ಇನ್ನೂ ತೇವ ಬರುತ್ತದೆ ಅಂತ ನಮ್ಮ ಮನೆಯವರು ಮುಚ್ಚುತ್ತಾರೆ. ತಣ್ಣನೆ ಗಾಳಿಯಲ್ಲಿ ನೀರೇ ಕಡಿಮೆ, ಒಳಗೆ ಬಂದು ಬೆಚ್ಚಗಾದರೆ ಅದೇ ಗಾಳಿಯ ತೇವಾಂಶ 45ರ ಹತ್ತಿರ ಬರುತ್ತದೆ ಅಂತ ನನ್ನ ಲೆಕ್ಕ. ದಿನಾ ಇದೇ ಜಗಳ.

ಇಂಥ ಊರಲ್ಲಿ ಚಳಿಗಾಲ ಕಳೆದವರು ಹೇಳಿ: ಕಿಟಕಿಯನ್ನು ದಿನಕ್ಕೆ ಎಷ್ಟು ಹೊತ್ತು ತೆಗೆಯುತ್ತೀರಿ? ಅಷ್ಟರಿಂದಲೇ ತೇವ ಇಳಿಯಿತಾ, ಇಲ್ಲ ಡಿಹ್ಯುಮಿಡಿಫೈಯರ್ (ಗಾಳಿಯ ತೇವ ಹೀರುವ ಯಂತ್ರ) ಕೊಳ್ಳಲೇಬೇಕಾಯಿತಾ?