‘ಪಾರ್ಟ್ನರ್’ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ನಾನು ಸುರಕ್ಷಾ ಕ್ಲಿನಿಕ್ಕಿನಲ್ಲಿ (ಲೈಂಗಿಕ ಸೋಂಕಿಗೆ ಇರುವ ಸರ್ಕಾರಿ ಚಿಕಿತ್ಸಾ ಕೇಂದ್ರ) ಕೌನ್ಸೆಲರ್. ಕೊಪ್ಪಳದ ಕಡೆಯವಳು. ಲೈಂಗಿಕ ಸೋಂಕಿನ ಬಗ್ಗೆ ಒಂದು ಕರಪತ್ರ ಬರೆಯುತ್ತಾ ‘ಪಾರ್ಟ್ನರ್’ (ಲೈಂಗಿಕ ಸಂಪರ್ಕ ಇದ್ದವರು) ಅನ್ನುವ ಪದದ ಹತ್ತಿರ ನಿಂತುಬಿಟ್ಟಿದ್ದೇನೆ.

ನಮ್ಮಲ್ಲಿ ಕೆಲವು ಸೋಂಕುಗಳಿಗೆ ಕೊಡುವ ಬೂದು ಬಣ್ಣದ ಔಷಧಿ ಕಿಟ್ ಇದೆ. ಅಜಿಥ್ರೊಮೈಸಿನ್, ಸೆಫಿಕ್ಸಿಮ್ ಗುಳಿಗೆಗಳು, ಎರಡೂ ಒಂದೇ ಸಲಕ್ಕೆ. ಜೊತೆಯವರಿಗೂ ಅದೇ ಚಿಕಿತ್ಸೆ ಆಗಬೇಕು. ಒಬ್ಬರಿಗೆ ಮಾತ್ರ ಆದರೆ ಸೋಂಕು ತಿರುಗಿ ಬರಬಹುದು. ಒಮ್ಮೆ ಒಬ್ಬ ಹೆಣ್ಣುಮಗಳಿಗೆ, “ನಿಮ್ಮ ಸಂಗಾತಿಯನ್ನೂ ಕರಕೊಂಡು ಬನ್ನಿ” ಅಂದೆ. ಆಕೆ ಕಣ್ಣರಳಿಸಿ, “ನನ್ ಗೆಳತಿಗ್ಯಾಕ್ರೀ ಗುಳಿಗಿ?” ಅಂದಳು. ತಪ್ಪು ನನ್ನದೇ. ನಮ್ಮ ಕಡೆ ‘ನನ್ನ ಸಂಗಾಟ ಬಾ’ ಅಂದರೆ ‘ನನ್ನ ಜೊತೆ ಬಾ’ ಅಂತ. ಸಂಗಾತಿ ಅಂದರೆ ಗೆಳತಿ, ಜೊತೆಗಾತಿ.

‘ಮನೆಯವರು’ ಅಂದರೆ ಗಂಡನೋ ಹೆಂಡತಿಯೋ ಆಗುತ್ತೆ. ಮದುವೆ ಆಗದವರು ಆ ಮಾತು ತಮಗಲ್ಲ ಅಂದುಕೊಂಡು ಎದ್ದು ಹೋಗುತ್ತಾರೆ. ‘ಪಾರ್ಟ್ನರ್’ ಅಂದರೆ ಅಂಗಡಿ ಪಾಲುದಾರನ ನೆನಪು. ‘ಸಂಪರ್ಕಿತರು’ ಅನ್ನೋಣವೆಂದರೆ ಅದು 2020ರ ಕೊರೊನಾ ಪಟ್ಟಿಗೆ ಅಂಟಿಕೊಂಡುಬಿಟ್ಟಿದೆ. ಜನ ಹೆದರುತ್ತಾರೆ.

ನನಗೆ ಹಿಡಿಸಿರುವುದು ‘ಕೂಡಿದವರು’. ಹಳೆಯ, ಅಚ್ಚಕನ್ನಡದ ಮಾತು. ಇದರಲ್ಲಿ ಗಂಡೋ ಹೆಣ್ಣೋ ಗೊತ್ತಾಗುವುದಿಲ್ಲ, ಒಬ್ಬರೋ ನಾಲ್ವರೋ ಅದೂ ಗೊತ್ತಾಗುವುದಿಲ್ಲ. ನಮ್ಮ ‘-ಅವರು’ ಗೌರವವನ್ನೂ ಕೊಡುತ್ತೆ, ಗುಟ್ಟನ್ನೂ ಕಾಯುತ್ತೆ. ಇಂಥ ಅನುಕೂಲ ಎಷ್ಟು ಭಾಷೆಗಳಿಗಿದೆ ಹೇಳಿ! ಇನ್ನೊಂದು ವಿಷಯ, ಅದು ಭೂತಕಾಲದ ಪದ. ಕ್ಲಮೈಡಿಯಾ ಅನ್ನುವ ಲೈಂಗಿಕ ಸೋಂಕು ಬಂದರೆ ಕಳೆದ 60 ದಿನಗಳಲ್ಲಿ ಕೂಡಿದವರಿಗೆಲ್ಲ ತಿಳಿಸಬೇಕು ಅನ್ನುತ್ತದೆ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ. ಈಗ ಜೊತೆಗಿಲ್ಲದವರೂ ಅದರಲ್ಲಿ ಬರುತ್ತಾರೆ. ‘ಸಂಗಾತಿ’ ಅಂದರೆ ಅವರು ಬಿಟ್ಟುಹೋಗುತ್ತಾರೆ, ಅಲ್ವಾ?

ಕರಪತ್ರದಲ್ಲಿ ಮನೆಯಲ್ಲೇ ಮಾಡುವ ಟೆಸ್ಟಿನ ಮಾತೂ ಇದೆ. ‘ಸ್ವಯಂ ಪರೀಕ್ಷೆ’ ಬೇಡ, ಶಾಲೆಯ ಪರೀಕ್ಷೆ ಅನ್ನಿಸುತ್ತೆ. ಅದಕ್ಕಿಂತ ಜಾಸ್ತಿ ತೊಡಕು ಬೇರೆ ಇದೆ. ಅಮೆರಿಕದಲ್ಲಿ 2023ರಲ್ಲಿ ಒಪ್ಪಿಗೆ ಸಿಕ್ಕ ಕ್ಲಮೈಡಿಯಾ, ಗೊನೊರಿಯಾ ಟೆಸ್ಟಿನಲ್ಲಿ ಮಾದರಿಯನ್ನು ಮನೆಯಲ್ಲಿ ತೆಗೆದು ಲ್ಯಾಬಿಗೆ ಕಳಿಸಬೇಕು. 2025ರಲ್ಲಿ ಬಂದ ಹೆಂಗಸರ ಟೆಸ್ಟಿನಲ್ಲಿ ಸುಮಾರು ಅರ್ಧ ಗಂಟೆಯಲ್ಲಿ ಮನೆಯಲ್ಲೇ ಫಲಿತಾಂಶ ಗೊತ್ತಾಗುತ್ತೆ. ಎರಡಕ್ಕೂ ‘ಮನೆ ಟೆಸ್ಟ್’ ಅಂದರೆ, ಲ್ಯಾಬಿಗೆ ಕಳಿಸದೆ ಸುಮ್ನೆ ಕಾಯುತ್ತಾ ಕೂರುವವರು ಇರುತ್ತಾರೆ. ‘ಮನೆಯಲ್ಲಿ ತೆಗೆದು ಲ್ಯಾಬಿಗೆ ಕಳಿಸುವ ಟೆಸ್ಟ್’, ‘ಮನೆಯಲ್ಲೇ ಮುಗಿಯುವ ಟೆಸ್ಟ್’ ಅಂತ ಬಿಡಿಸಿಯೇ ಬರೆದಿದ್ದೇನೆ. ಉದ್ದವಾದರೂ ಪರವಾಗಿಲ್ಲ.

‘ಕೂಡಿದವರು’ ಬಗ್ಗೆ ಒಂದು ಅಳುಕಿದೆ. ‘ಸಭೆ ಕೂಡಿತು’ ಅನ್ನುತ್ತೇವಲ್ಲ, ಬರೀ ‘ಸೇರಿದವರು’ ಅಂತ ಓದಿಕೊಂಡರೆ? ಮಂಡ್ಯ, ಮಂಗಳೂರು, ಶಿವಮೊಗ್ಗ ಕಡೆಯವರು ದಯವಿಟ್ಟು ಹೇಳಿ: ನಿಮ್ಮಲ್ಲಿ ಒಬ್ಬ ನರ್ಸ್ ಈ ಪದ ಹೇಳಿದರೆ ಅರ್ಥವಾಗುತ್ತಾ? ಹಿರಿಯ ಹೆಂಗಸರಿಗೆ ಮುಜುಗರ ಆಗುತ್ತಾ? ‘ಜೊತೆ ಮಲಗಿದವರು’ ಅನ್ನುವುದೇ ವಾಸಿಯಾ?