ಅಪ್‌ಡೇಟ್: ‘ತಿಥಿ’ ನೋಡಿದ್ವಿ, ನೀವಂದದ್ದು ಖರೇ

‘ತಿಥಿ’ ಅನ್ನೋ ಕನ್ನಡ ಸಿನಿಮಾದಾಗ ಸ್ಟಾರ್ ಇಲ್ಲ, ಎರಡು ತಾಸು ನೋಡೋದು ಹೆಂಗ ಅಂತ ಹಿಂದ ಇಲ್ಲಿ ಕೇಳಿದ್ದೆ. ಛಲೋ ಅದ, ನೋಡ್ರಿ ಅಂದಿದ್ರಿ. ಕಲಬುರಗಿಯ ಮನ್ಯಾಗೇ ನೋಡಿ ಮುಗಿಸಿದ್ವಿ. ಭಾಳ ಛಲೋ ಅದ. ಹೇಳಿದವರಿಗೆಲ್ಲ ಶರಣು.

101 ವರ್ಷದ ಸೆಂಚುರಿ ಗೌಡ ಸತ್ತ ಮ್ಯಾಲ 11ನೇ ದಿನದ ತಿಥಿತನಕ ಕಥಿ. ಮಗ ಗಡ್ಡಪ್ಪ ಕ್ವಾರ್ಟರ್ ಹಿಡಿದು ಹೊಲದಾಗ ತಿರಗತಾನ. ಅವನ ಮಗ ತಮ್ಮಣ್ಣಗ ಜಮೀನು ಮಾರೋ ಚಿಂತಿ. ಜೀವಂತ ಅಪ್ಪಗ ಸುಳ್ಳು ಮರಣ ಪ್ರಮಾಣಪತ್ರ ಮಾಡಿಸ್ತಾನಲ್ಲ, ಅಲ್ಲಿಂದ ಕಣ್ಣು ಕದಲಲ್ಲ. ನಟರು ಮಂಡ್ಯ ಕಡೆಯ ಹಳ್ಳಿ ಮಂದಿ, ನಟನೆ ಅನಿಸೋದೇ ಇಲ್ಲ.

ನೋಡುವವರಿಗೆ ಒಂದು ಮಾತು: ಮಂಡ್ಯದ ಮಾತು ನಮ್ಮ ಕಡಿಯವರ ಕಿವಿಗೆ ಲಗೂನ ಕೂಡಲ್ಲ, ಟಿವಿ ಸ್ಪೀಕರ್‌ನಾಗ ಅರ್ಧ ಪದ ನುಂಗಿಹೋಗ್ತಾವ. ಸಬ್‌ಟೈಟಲ್ ಹಚ್ಚಿ, ಹೆಡ್‌ಫೋನ್ ಹಾಕ್ಕೊಳ್ರಿ. ಹಾಡು, ಫೈಟಿಗೆ ಕಾಯಬ್ಯಾಡ್ರಿ.