‘ಹೊಸಿಯೊನ್’ಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,

ಪ್ಲೇಟೋನ ‘ಯೂಥಿಫ್ರೋ’ ಸಂವಾದವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಎರಡು ವಾರದಿಂದ ಒಂದೇ ಗ್ರೀಕ್ ಪದದ ಮುಂದೆ ನಿಂತುಬಿಟ್ಟಿದ್ದೇನೆ: ಹೊಸಿಯೊನ್. ದೇವರ ವಿಷಯದಲ್ಲಿ ಸರಿಯಾದ ನಡತೆ ಅಂತ ಸುಮಾರಾಗಿ ಅರ್ಥ.

ಕ್ರಿ.ಪೂ. 399, ಅಥೆನ್ಸ್. ಸಾಕ್ರಟೀಸ್ ತನ್ನ ಮೇಲಿನ ಮೊಕದ್ದಮೆಗೆಂದು ಬಂದಿದ್ದಾನೆ. ಯೂಥಿಫ್ರೋ ಬಂದಿರುವುದು ಹೆತ್ತ ತಂದೆಯ ಮೇಲೆ ಕೊಲೆ ದೂರು ಕೊಡಲು. ನಾಕ್ಸೊಸ್‌ನ ಅವರ ಹೊಲದಲ್ಲಿ ಒಬ್ಬ ಕೂಲಿಯವನು ಕುಡಿದ ಸಿಟ್ಟಿನಲ್ಲಿ ಮನೆಯ ಆಳನ್ನು ಕೊಂದ. ತಂದೆ ಅವನ ಕೈಕಾಲು ಕಟ್ಟಿ ಗುಂಡಿಗೆ ಹಾಕಿ, ಮುಂದೇನು ಮಾಡಬೇಕೆಂದು ಕೇಳಿಬರಲು ಅಥೆನ್ಸಿಗೆ ಆಳು ಕಳಿಸಿದ. ಆಳು ವಾಪಸ್ ಬರುವಷ್ಟರಲ್ಲಿ ಗುಂಡಿಯಲ್ಲಿದ್ದವನು ಹಸಿವು, ಚಳಿಗೆ ಸತ್ತಿದ್ದ. ಕೊಂದವನ ಜೊತೆ ಬಾಳಿದರೆ ‘ಮಿಯಾಸ್ಮಾ’ ತಟ್ಟುತ್ತದೆ ಅನ್ನುತ್ತಾನೆ ಮಗ. ಅದಕ್ಕೆ ‘ಮೈಲಿಗೆ’ ಸಲೀಸಾಗಿ ಕೂತಿತು. ದೂರು ಕೊಡುವುದೇ ಹೊಸಿಯೊನ್ ಅನ್ನುತ್ತಾನಲ್ಲ, ಹಾಗಾದರೆ ಹೊಸಿಯೊನ್ ಅಂದರೇನು ಅಂತ ಸಾಕ್ರಟೀಸ್ ಕೇಳುತ್ತಾನೆ. ತೊಡಕು ಅಲ್ಲಿ.

‘ಪವಿತ್ರ’ ಅಂದರೆ ತೀರ್ಥ, ಗುಡಿ ನೆನಪಾಗುತ್ತವೆ. ಅದಕ್ಕೆ ಗ್ರೀಕಿನಲ್ಲಿ ಹಿಯೆರೊನ್ ಅಂತ ಬೇರೆ ಮಾತೇ ಇದೆ. ‘ಪುಣ್ಯ’ ಕೂಡಿಟ್ಟ ಗಂಟು. ‘ಭಕ್ತಿ’ ಎದೆಯೊಳಗಿನದು, ಇಲ್ಲಿ ಕೇಳುತ್ತಿರುವುದು ಕೆಲಸದ ಬಗ್ಗೆ. ‘ಧರ್ಮ’ ಹತ್ತಿರ ಅನಿಸಿತ್ತು. ಆದರೆ ಮುಂದೆ ಸಾಕ್ರಟೀಸ್, ಹೊಸಿಯೊನ್ ನ್ಯಾಯದ ಒಂದು ಭಾಗವೇ ಅಂತ ಕೇಳುತ್ತಾನೆ. ನಮ್ಮ ಧರ್ಮ ನ್ಯಾಯವನ್ನೂ ಹೊಟ್ಟೆಯಲ್ಲಿ ಇಟ್ಟುಕೊಂಡಿದೆ.

‘ದೇವರು ಮೆಚ್ಚುವ ಕೆಲಸ’ ಅನ್ನಲು ತುಂಬ ಆಸೆಯಾಯಿತು. ನಾವು ಏನೇ ತಪ್ಪು ಮಾಡಿದರೂ ನಮ್ಮಜ್ಜಿ ‘ದೇವ್ರು ಮೆಚ್ತಾನಾ?’ ಅಂತಲೇ ಬೈಯುತ್ತಿದ್ದರು. ಯೂಥಿಫ್ರೋನ ಉತ್ತರವೂ ಅದೇ. ಅದಕ್ಕೇ ಅದು ಬೇಡ. ದೇವರು ಮೆಚ್ಚಿದ್ದಕ್ಕೆ ಅದು ಹೊಸಿಯೊನ್ ಆಯಿತಾ, ಹೊಸಿಯೊನ್ ಅಂತಲೇ ದೇವರು ಮೆಚ್ಚಿದರಾ ಅನ್ನುವುದೇ ಸಂವಾದದ ಜೀವ. ಪದದೊಳಗೇ ಮೆಚ್ಚುಗೆ ಕೂತರೆ ಪ್ರಶ್ನೆಯೇ ಸತ್ತುಹೋಗುತ್ತದೆ, ಅಲ್ವಾ? (ಅಲ್ಲಿ ಸಾಕ್ರಟೀಸ್ ಕೊಡುವ ಉದಾಹರಣೆ ಮಾತ್ರ ಕನ್ನಡಕ್ಕೆ ಹೇಳಿ ಮಾಡಿಸಿದ ಹಾಗಿದೆ: ಹೊತ್ತಿದ್ದಕ್ಕೆ ಅದು ಹೊರೆ, ಹೊರೆ ಅಂತ ಹೊತ್ತದ್ದಲ್ಲ.)

ಈಗ ಕಣ್ಣು ‘ಸಲ್ಲುವುದು’ ಮೇಲೆ ಬಿದ್ದಿದೆ. ಯಾರು ಮೆಚ್ಚಿದರು ಅಂತ ಅದು ಹೇಳುವುದಿಲ್ಲ. ಮಗ ತಂದೆಯ ಮೇಲೆ ಕೊಲೆ ದೂರು ಕೊಡುವುದು ‘ಅನೊಸಿಯೊನ್’ (ಹೊಸಿಯೊನ್ ಅಲ್ಲದ್ದು) ಅಂತ ಮನೆಯವರು ಸಿಟ್ಟಾಗುತ್ತಾರೆ. ಅಲ್ಲಿ ‘ಸಲ್ಲದು’ ಅಂತ ಬರೆದೆ, ಗಟ್ಟಿಯಾಗಿ ಓದಿದೆ, ನಮ್ಮ ಜಗಲಿಯ ಮಾತಿನ ಹಾಗೇ ಕೇಳಿಸಿತು. ಆದರೆ ಬರೀ ‘ಸಲ್ಲುವುದು’ ಅಂದಾಗ ದೇವರ ಕಡೆಯ ಎಳೆ ಕಾಣುವುದಿಲ್ಲ. ನಾಣ್ಯ ಸಲ್ಲುತ್ತದೆ ಅಂದ ಹಾಗಾಗುತ್ತದೆ.

ನಿಮ್ಮ ಕಡೆ ಹರಕೆ, ಹಬ್ಬ, ಸೂತಕದ ಮಾತಿನಲ್ಲಿ ಇಂಥದ್ದೊಂದು ಪದ ಓಡಾಡುತ್ತದಾ? ಪದದ ಜೊತೆ ಅದನ್ನು ಬಳಸುವ ಒಂದು ವಾಕ್ಯವನ್ನೂ ಬರೆಯಿರಿ.